ಗುರುದತ್ ಬದುಕು ಕಲಿಸುವ ಪಾಠ: ಮದ್ಯದ ಜೊತೆ ನಿದ್ದೆ ಗುಳಿಗೆ, ಮನೋರೋಗದ ಮಾತ್ರೆ ಸೇರಿದರೆ ಏನಾಗುತ್ತದೆ?

ಮಾತ್ರೆ ತಗೊಂಡು ಎರಡು ತಾಸು ಬಿಟ್ಟು ಕುಡಿದರೆ ಏನೂ ಆಗಲ್ಲ. ಬಿಯರ್ ಆದರೆ ನಡೆಯುತ್ತೆ. ಕುಡಿಯೋ ದಿನ ಗುಳಿಗೆ ಬಿಟ್ಟರಾಯ್ತು. ಇಂಥ ಸಲಹೆಗಳನ್ನು ನೀವೂ ಕೇಳಿರುತ್ತೀರಿ. ಜಮಖಂಡಿಯ ಬಸ್‌ಸ್ಟ್ಯಾಂಡಿರಲಿ, ಮುಧೋಳ, ಬೀಳಗಿಯ ಕಬ್ಬಿನ ಹೊಲವಿರಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಯಿರಲಿ, ಇವನ್ನು ಹೇಳುವವರು ಒಬ್ಬರಾದರೂ ಸಿಗುತ್ತಾರೆ. ಹೇಳುವವರದು ಕೆಟ್ಟ ಉದ್ದೇಶವಲ್ಲ. ಆದರೆ ಈ ಮೂರೂ ಮಾತುಗಳು ತಪ್ಪು, ಮತ್ತು ಜೀವಕ್ಕೆ ಅಪಾಯ ತರುವಂಥವು.

ಯಾಕೆ ತಪ್ಪು ಎಂದು ತಿಳಿಯಲು ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬ ದೊಡ್ಡ ಕಲಾವಿದನ ಬದುಕನ್ನು ನೋಡೋಣ. ಅವರು ಹಿಂದಿ ಚಿತ್ರರಂಗದ ನಿರ್ದೇಶಕ, ನಟ ಗುರುದತ್. ತೀರಿಕೊಂಡಾಗ ಅವರಿಗೆ ಕೇವಲ 39 ವರ್ಷ.

ಬೆಂಗಳೂರಿನಲ್ಲಿ ಹುಟ್ಟು, ಕಲ್ಕತ್ತೆಯಲ್ಲಿ ಬಾಲ್ಯ

ಗುರುದತ್ ಹುಟ್ಟಿದ್ದು 1925ರ ಜುಲೈ 9ರಂದು, ಬೆಂಗಳೂರಿನಲ್ಲಿ. ಮೊದಲು ಇಟ್ಟ ಹೆಸರು ವಸಂತಕುಮಾರ. ಚಿಕ್ಕವನಿದ್ದಾಗ ಒಂದು ಅವಘಡವಾಯಿತು. ಆ ಬಳಿಕ ಶುಭವಾಗಲಿ ಎಂದು ಮನೆಯವರು ಗುರುದತ್ತ ಎಂದು ಹೆಸರು ಬದಲಿಸಿದರು. ತಂದೆ ಶಿವಶಂಕರರಾವ್ ಪಡುಕೋಣೆ ಮೊದಲು ಶಾಲೆಯ ಮುಖ್ಯೋಪಾಧ್ಯಾಯರು, ನಂತರ ಬ್ಯಾಂಕ್ ನೌಕರರು. ತಾಯಿ ವಾಸಂತಿ ಶಿಕ್ಷಕಿ. ಕಥೆ ಬರೆಯುತ್ತಿದ್ದರು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದರು. ಮಗ ತೀರಿಕೊಂಡ ಮೇಲೆ ಅವನ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದರು.

ಮನೆಯಲ್ಲಿ ಹಣದ ಅಡಚಣೆ ಇತ್ತು. ಬಾಲ್ಯದ ಬಹುಭಾಗ ಕಲ್ಕತ್ತೆಯ ಭವಾನಿಪುರದಲ್ಲಿ ಕಳೆಯಿತು. ಹುಡುಗ ಬಂಗಾಳಿಯನ್ನು ಮಾತೃಭಾಷೆಯಂತೆ ಕಲಿತ. ಕಾಲೇಜು ಓದುವಷ್ಟು ಅನುಕೂಲವಿರಲಿಲ್ಲ. 1940ರ ದಶಕದ ಆರಂಭದಲ್ಲಿ ಅಲ್ಮೋರಾದಲ್ಲಿದ್ದ ಉದಯಶಂಕರ್ ಅವರ ಕಲಾಕೇಂದ್ರಕ್ಕೆ ಸೇರಿ ನೃತ್ಯ ಕಲಿತರು. ಕೆಲಕಾಲ ಕಲ್ಕತ್ತೆಯ ಕಂಪನಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿಯೂ ದುಡಿದರು.

ಪುಣೆಯ ಅಂಗಿ, ಮುಂಬಯಿಯ ಗೆಲುವು

1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅಗಸನೊಬ್ಬ ಅಂಗಿ ಅದಲುಬದಲು ಮಾಡಿದ್ದರಿಂದ ಇನ್ನೊಬ್ಬ ಯುವಕನ ಪರಿಚಯವಾಯಿತು. ಆತ ದೇವ್ ಆನಂದ್. ಇಬ್ಬರೂ ಮಾತು ಕೊಟ್ಟುಕೊಂಡರು. ದೇವ್ ಚಿತ್ರ ನಿರ್ಮಿಸಿದರೆ ಗುರುದತ್ ನಿರ್ದೇಶಕ, ಗುರುದತ್ ಚಿತ್ರ ಮಾಡಿದರೆ ದೇವ್ ನಾಯಕ. ದೇವ್ ಆನಂದ್ ಮಾತು ಉಳಿಸಿಕೊಂಡರು. 1951ರಲ್ಲಿ ಬಂದ ಬಾಝಿ ಗುರುದತ್ ನಿರ್ದೇಶನದ ಮೊದಲ ಚಿತ್ರ. ಅದು ಗೆದ್ದಿತು. ಅದೇ ಚಿತ್ರದ ಹಾಡಿನ ಧ್ವನಿಮುದ್ರಣದಲ್ಲಿ ಗಾಯಕಿ ಗೀತಾ ರಾಯ್ ಪರಿಚಯವಾದರು. 1953ರಲ್ಲಿ ಇಬ್ಬರ ಮದುವೆಯಾಯಿತು. ಮೂವರು ಮಕ್ಕಳಾದರು.

ಬಾಝಿಯ ಸೆಟ್ಟಿನಲ್ಲಿ ಇನ್ನೊಬ್ಬ ಕನ್ನಡಿಗರೂ ಗುರುದತ್ ಕಣ್ಣಿಗೆ ಬಿದ್ದರು. ಮೈಸೂರಿನ ವಿ.ಕೆ. ಮೂರ್ತಿ, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕರು. ಗುರುದತ್ ಚಿತ್ರಗಳಲ್ಲಿ ನೆರಳು-ಬೆಳಕು ಮಾತಾಡುತ್ತದೆ ಎಂದು ಜನ ಇಂದಿಗೂ ಹೇಳಿದರೆ ಅದರಲ್ಲಿ ದೊಡ್ಡ ಪಾಲು ಮೂರ್ತಿಯವರದು.

ಆರ್ ಪಾರ್, ಮಿಸ್ಟರ್ ಅಂಡ್ ಮಿಸೆಸ್ 55 ಚಿತ್ರಗಳು ಜನರನ್ನು ನಗಿಸಿದವು. 1957ರ ಪ್ಯಾಸಾ ಬೇರೆಯದೇ ಎತ್ತರಕ್ಕೆ ಹೋಯಿತು. ಲೋಕಕ್ಕೆ ಬೇಡವಾದ ಕವಿಯೊಬ್ಬನ ಕಥೆ ಅದು. 2005ರಲ್ಲಿ ಟೈಮ್ ಪತ್ರಿಕೆ ಆರಿಸಿದ ಜಗತ್ತಿನ 100 ಶ್ರೇಷ್ಠ ಚಿತ್ರಗಳಲ್ಲಿ ಪ್ಯಾಸಾ ಕೂಡ ಇತ್ತು.

ಸೋಲು ಬಂದಾಗ

1959ರಲ್ಲಿ ಕಾಗಝ್ ಕೆ ಫೂಲ್ ಬಂತು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಒಬ್ಬ ನಿರ್ದೇಶಕನ ಏಳುಬೀಳಿನ ಕಥೆ. ಕಥೆಯ ನಾಯಕ ಕುಡಿತಕ್ಕೆ ಬಿದ್ದು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಇಂದು ಇದನ್ನು ಶ್ರೇಷ್ಠ ಚಿತ್ರ ಎನ್ನುತ್ತಾರೆ. ಆದರೆ ಅಂದು ಪ್ರೇಕ್ಷಕರು ತಿರಸ್ಕರಿಸಿದರು. ಗುರುದತ್‌ಗೆ ಈ ಪೆಟ್ಟು ಆಳವಾಗಿ ತಗಲಿತು. ಆಮೇಲೆ ಯಾವ ಚಿತ್ರಕ್ಕೂ ಅವರು ನಿರ್ದೇಶಕ ಎಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 1960ರ ಚೌಧ್ವೀ ಕಾ ಚಾಂದ್ ಭರ್ಜರಿ ಹಣ ತಂದಿತು. 1962ರ ಸಾಹಿಬ್ ಬೀಬಿ ಔರ್ ಗುಲಾಮ್ ಹೆಸರು ತಂದಿತು. ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲು ತಾನೂ ಕುಡಿಯಲು ಕಲಿತು ಹಾಳಾಗುವ ಹೆಣ್ಣಿನ ಪಾತ್ರ ಆ ಚಿತ್ರದ ಜೀವಾಳ.

ಹಣ, ಹೆಸರು ಎರಡೂ ಬಂದವು. ನಿದ್ದೆ ಮಾತ್ರ ಬರಲಿಲ್ಲ. ದಾಂಪತ್ಯ ಬಿರುಕು ಬಿಟ್ಟಿತ್ತು. ಕುಡಿತ ಹೆಚ್ಚಿತು. ನಿದ್ದೆಗಾಗಿ ಗುಳಿಗೆ ತೆಗೆದುಕೊಳ್ಳುವುದು ರೂಢಿಯಾಯಿತು. ಜೀವಕ್ಕೆ ಅಪಾಯವಾಗುವಂಥ ಪರಿಸ್ಥಿತಿ ಮೊದಲೂ ಬಂದಿತ್ತು. ಒಮ್ಮೆ ಮನೋವೈದ್ಯರನ್ನು ಕಂಡಿದ್ದರೂ ಆ ಚಿಕಿತ್ಸೆ ಮುಂದುವರಿಯಲಿಲ್ಲ ಎಂದು ಅವರ ತಂಗಿ, ಕಲಾವಿದೆ ಲಲಿತಾ ಲಾಜ್ಮಿ ಮುಂದೆ ನೆನಪಿಸಿಕೊಂಡಿದ್ದಾರೆ. ಇದನ್ನು ನೆನಪಿಡಿ, ಕೊನೆಗೆ ಮತ್ತೆ ಬರೋಣ.

ಕುಡಿದರೆ ಒಳ್ಳೆ ನಿದ್ದೆ ಬರುತ್ತದೆಯೇ?

ಇದು ಅಂದಿಗೂ ಇಂದಿಗೂ ಬಹಳ ಜನ ನಂಬುವ ಮಾತು. ಅರ್ಧ ಮಾತ್ರ ನಿಜ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ. ಆದರೆ ಕನಸು ಬೀಳುವ ಹಂತದ ನಿದ್ದೆಯನ್ನು ಮೊದಲ ಜಾವದಲ್ಲಿ ತಡೆಯುತ್ತದೆ. ದೇಹ ಮದ್ಯವನ್ನು ಕರಗಿಸುತ್ತಾ ಬಂದಂತೆ ಮಿದುಳು ತಿರುಗಿ ಚುರುಕಾಗುತ್ತದೆ. ಹೀಗಾಗಿ ಬೆಳಗಿನ ಜಾವ ಮೂರಕ್ಕೆ ಎಚ್ಚರ, ಎದೆ ಬಡಿತ, ಬೆವರು. ಮರುದಿನ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಆ ರಾತ್ರಿ ಇನ್ನೊಂದು ಪೆಗ್, ಇಲ್ಲವೇ ಒಂದು ಗುಳಿಗೆ. ಸುಳಿ ಹೀಗೆ ಶುರುವಾಗುತ್ತದೆ. ಒಳಗೆ ಖಿನ್ನತೆಯ ಕಾಯಿಲೆ ಇದ್ದರಂತೂ ನಿದ್ದೆ ಹೋಗುವುದು ಅದರ ಲಕ್ಷಣ. ಮದ್ಯ ಆ ಲಕ್ಷಣವನ್ನು ಮುಚ್ಚುತ್ತದೆ, ಕಾಯಿಲೆಯನ್ನು ಬೆಳೆಸುತ್ತದೆ.

1964ರ ಅಕ್ಟೋಬರ್ 10

ಮುಂಬಯಿಯ ಪೆಡ್ಡರ್ ರಸ್ತೆಯ ಬಾಡಿಗೆ ಮನೆಯಲ್ಲಿ ಗುರುದತ್ ಒಬ್ಬರೇ ಇದ್ದರು. ಹಿಂದಿನ ಸಂಜೆ ಬರಹಗಾರ ಗೆಳೆಯ ಅಬ್ರಾರ್ ಅಲ್ವಿ ಜೊತೆಗಿದ್ದು, ಬಹಾರೇಂ ಫಿರ್ ಭೀ ಆಯೇಂಗಿ ಚಿತ್ರದ ಕೆಲಸ ನಡೆದಿತ್ತು. ಗೆಳೆಯ ಹೊರಟ ಮೇಲೆ ಗುರುದತ್ ಮಲಗಲು ಹೋದರು. ಬೆಳಿಗ್ಗೆ ಏಳಲಿಲ್ಲ. ಮದ್ಯ ಮತ್ತು ನಿದ್ದೆ ಗುಳಿಗೆ ದೇಹದಲ್ಲಿ ಒಂದಾಗಿದ್ದವು. ಅದು ಆಕಸ್ಮಿಕವೋ ಅಲ್ಲವೋ ಎಂಬ ವಿಷಯದಲ್ಲಿ ಅವರನ್ನು ಬಲ್ಲವರಲ್ಲೇ ಒಮ್ಮತವಿರಲಿಲ್ಲ. ಆಕಸ್ಮಿಕ ಎಂದೇ ಮನೆಯವರಲ್ಲಿ ಕೆಲವರು ನಂಬಿದರು. ಮಾಡಬೇಕಾದ ಕೆಲಸ ಇನ್ನೂ ಬಾಕಿ ಇತ್ತು. ಆ ಚಿತ್ರವನ್ನು ಮುಂದೆ ಧರ್ಮೇಂದ್ರ ನಾಯಕರಾಗಿ ಮುಗಿಸಿದರು. ಗೀತಾ ದತ್ 1972ರಲ್ಲಿ ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡರು. ಮಕ್ಕಳು ಎಂಟು ವರ್ಷದೊಳಗೆ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡರು.

ಎರಡೂ ಸೇರಿದಾಗ ದೇಹದೊಳಗೆ ಏನಾಗುತ್ತದೆ?

ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ಗಾಡಿಗೆ ಬ್ರೇಕ್ ಇದ್ದ ಹಾಗೆ, ಇದು ನರಕೋಶಗಳ ವೇಗ ತಗ್ಗಿಸುತ್ತದೆ. ನಿದ್ದೆ ಗುಳಿಗೆಗಳಲ್ಲಿ ಹೆಚ್ಚಿನವು ಈ ಬ್ರೇಕನ್ನೇ ಒತ್ತುತ್ತವೆ. ಮದ್ಯವೂ ಅದೇ ಬ್ರೇಕನ್ನು ಒತ್ತುತ್ತದೆ. ಒಂದೇ ಬ್ರೇಕಿನ ಮೇಲೆ ಎರಡು ಕಾಲು ಬಿದ್ದರೆ ಗಾಡಿ ನಿಧಾನವಾಗುವುದಿಲ್ಲ, ನಿಂತೇ ಹೋಗುತ್ತದೆ. ಉಸಿರಾಟ ನಡೆಸುವ ಕೇಂದ್ರ ಮಿದುಳಿನ ಬುಡದಲ್ಲಿದೆ. ನಾವು ಮಲಗಿದಾಗಲೂ ಅದು ದುಡಿಯುತ್ತಿರುತ್ತದೆ. ಅದು ಮಂಕಾದರೆ ಉಸಿರು ನಿಧಾನವಾಗುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಗಾಢ ಮತ್ತಿನಲ್ಲಿ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯ ಬೇರೆ.

ಗುರುದತ್ ಕಾಲದಲ್ಲಿ ನಿದ್ದೆ ಗುಳಿಗೆ ಎಂದರೆ ಹೆಚ್ಚಾಗಿ ಬಾರ್ಬಿಟ್ಯುರೇಟ್ ಗುಂಪಿನವು. 1903ರಿಂದ ಬಳಕೆಗೆ ಬಂದ ಈ ಮದ್ದುಗಳಲ್ಲಿ ನಿದ್ದೆ ತರುವ ಪ್ರಮಾಣಕ್ಕೂ ಜೀವ ತೆಗೆಯುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಮದ್ಯ ಸೇರಿದರೆ ಆ ಅಂತರ ಇನ್ನೂ ಕಿರಿದಾಗುತ್ತದೆ.

ಇನ್ನೆರಡು ಅಪಾಯಗಳಿವೆ. ಒಂದು, ರೂಢಿಯಾದವರಿಗೆ ಅದೇ ಗುಳಿಗೆಯಿಂದ ಮೊದಲಿನಷ್ಟು ನಿದ್ದೆ ಬರುವುದಿಲ್ಲ. ಪ್ರಮಾಣ ಏರಿಸುತ್ತಾ ಹೋಗುತ್ತಾರೆ. ಆದರೆ ಉಸಿರಾಟದ ಕೇಂದ್ರ ಅಷ್ಟೇ ಪ್ರಮಾಣದಲ್ಲಿ ಒಗ್ಗಿಕೊಳ್ಳುವುದಿಲ್ಲ. ಎರಡು, ಮದ್ಯವೂ ನಿದ್ದೆ ಗುಳಿಗೆಯೂ ಹೊಸ ನೆನಪು ಉಳಿಯದಂತೆ ಮಾಡುತ್ತವೆ. ಗುಳಿಗೆ ನುಂಗಿದ್ದೇ ಮರೆತು ಮತ್ತೆ ನುಂಗುವ ಅಪಾಯ ಇರುತ್ತದೆ.

ಇಂದಿನ ಮಾತ್ರೆಗಳು ಸುರಕ್ಷಿತ ಅಲ್ಲವೇ?

ಹೌದು, ಹಳೆಯವಕ್ಕಿಂತ ಎಷ್ಟೋ ಸುರಕ್ಷಿತ. 1960ರ ದಶಕದಲ್ಲಿ ಡಯಜೆಪಾಮ್‌ನಂಥ ಬೆಂಜೊಡಯಜೆಪಿನ್‌ಗಳು ಬಂದು ಬಾರ್ಬಿಟ್ಯುರೇಟ್‌ಗಳ ಜಾಗ ಹಿಡಿದವು. ವೈದ್ಯರು ಹೇಳಿದಂತೆ ನುಂಗಿದರೆ ಇವು ಉಪಕಾರಿ. ಮದ್ಯದ ಜೊತೆ ಸೇರಿದರೆ ಆ ಸುರಕ್ಷತೆ ಉಳಿಯುವುದಿಲ್ಲ. ಯಾವ ಮಾತ್ರೆಗೆ ಏನು ತೊಂದರೆ, ಚಿಕ್ಕದಾಗಿ ನೋಡಿ:

• ಅಲ್ಪ್ರಜೋಲಾಮ್, ಕ್ಲೊನಜೆಪಾಮ್, ಡಯಜೆಪಾಮ್, ಜೋಲ್ಪಿಡೆಮ್: ಗಾಢ ಮತ್ತು, ಮರೆವು, ಬೀಳುವುದು, ಉಸಿರು ಕುಗ್ಗುವುದು.

• ಎಸ್ಸಿಟಲೊಪ್ರಾಮ್, ಸರ್ಟ್ರಲಿನ್, ಫ್ಲುಒಕ್ಸೆಟಿನ್ ಮುಂತಾದ ಖಿನ್ನತೆಯ ಮಾತ್ರೆಗಳು: ಕೆಲವರಿಗೆ ಮಂಪರು ಹೆಚ್ಚುತ್ತದೆ. ಮುಖ್ಯವಾಗಿ, ಮಾತ್ರೆ ಮೇಲೆತ್ತಿದ ಮನಸ್ಸನ್ನು ಮದ್ಯ ಕೆಳಗೆ ಎಳೆಯುತ್ತದೆ.

• ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಖಿನ್ನತೆಯ ಮಾತ್ರೆ: ಮಂಪರು ಜೋರು. ಪ್ರಮಾಣ ಮೀರಿದರೆ ಹೃದಯಕ್ಕೂ ಅಪಾಯ.

• ಓಲಾಂಜಪಿನ್, ಕ್ವೆಟಿಯಾಪಿನ್, ರಿಸ್ಪೆರಿಡೋನ್: ನಿದ್ದೆಮಂಪರು, ಎದ್ದು ನಿಂತರೆ ರಕ್ತದೊತ್ತಡ ಇಳಿದು ತಲೆಸುತ್ತು.

• ಲಿಥಿಯಂ: ಮದ್ಯ ಮೈಯ ನೀರನ್ನು ಹೊರಹಾಕುತ್ತದೆ. ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಬಿಸಿಲಿನಲ್ಲಿ ಕಬ್ಬು ಕಡಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು.

• ವಾಲ್ಪ್ರೋಯೇಟ್: ಇದಕ್ಕೂ ಮದ್ಯಕ್ಕೂ ಯಕೃತ್ತೇ ದುಡಿಯಬೇಕು. ಹೊರೆ ಎರಡಾಗುತ್ತದೆ.

ಎರಡು ತಾಸಿನ ಅಂತರ ಸಾಕೇ? ಲೆಕ್ಕ ಹಾಕೋಣ

ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ವಿಸ್ಕಿ, ರಮ್ಮಿನಲ್ಲಿ ಆಲ್ಕೋಹಾಲ್ ಪ್ರಮಾಣ ಸಾಮಾನ್ಯವಾಗಿ 42.8 ಶೇಕಡಾ. ಅಂದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮ ದೇಹ ತಾಸಿಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಹಾಗಾದರೆ ಒಂದು ಕ್ವಾರ್ಟರ್ ಪೂರ್ತಿ ಕರಗಲು ಸುಮಾರು ಆರರಿಂದ ಒಂಬತ್ತು ತಾಸು ಬೇಕು. ರಾತ್ರಿ ಹತ್ತಕ್ಕೆ ಕುಡಿದವರ ಮೈಯಲ್ಲಿ ನಸುಕಿನವರೆಗೂ ಮದ್ಯ ಇರುತ್ತದೆ. ನಿಂಬೆ ಹಣ್ಣು, ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ ಯಾವುದೂ ಇದನ್ನು ಬೇಗ ಮಾಡುವುದಿಲ್ಲ.

ಇನ್ನು ಮಾತ್ರೆಯ ಕಡೆ ನೋಡಿ. ಡಯಜೆಪಾಮ್, ಕ್ಲೊನಜೆಪಾಮ್‌ಗಳ ಅರ್ಧ ಪ್ರಮಾಣ ಮೈಯಿಂದ ಹೋಗಲು ಸಾಮಾನ್ಯವಾಗಿ ಒಂದು ದಿನವೋ ಅದಕ್ಕೂ ಹೆಚ್ಚೋ ಬೇಕು. ಫ್ಲುಒಕ್ಸೆಟಿನ್ ವಾರಗಟ್ಟಲೆ ಉಳಿಯುತ್ತದೆ. ಎರಡು ತಾಸು ಬಿಟ್ಟರೂ ಎರಡೂ ಮೈಯೊಳಗೆ ಒಟ್ಟಿಗೇ ಇರುತ್ತವೆ.

ಇನ್ನಷ್ಟು ತಪ್ಪು ನಂಬಿಕೆಗಳು

ನಂಬಿಕೆ: ಬಿಯರ್ ಮದ್ಯವೇ ಅಲ್ಲ.
ಸತ್ಯ: 8 ಶೇಕಡಾ ಆಲ್ಕೋಹಾಲ್ ಇರುವ 650 ಮಿಲಿಲೀಟರ್ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಆಲ್ಕೋಹಾಲ್ ಇದೆ. ಅದು 30 ಮಿಲಿಲೀಟರಿನ ನಾಲ್ಕು ಪೆಗ್ ವಿಸ್ಕಿಗೆ ಸಮ.

ನಂಬಿಕೆ: ಹಬ್ಬ, ಮದುವೆ ದಿನ ಗುಳಿಗೆ ಬಿಟ್ಟು ಕುಡಿದರೆ ತೊಂದರೆ ಇಲ್ಲ.
ಸತ್ಯ: ಹಿಂದಿನ ದಿನಗಳ ಗುಳಿಗೆ ಇನ್ನೂ ಮೈಯಲ್ಲಿರುತ್ತದೆ. ಜೊತೆಗೆ ಹೀಗೆ ಬಿಡುತ್ತಾ ಹೋದರೆ ಹಳೆಯ ಕಾಯಿಲೆ ಮರುಕಳಿಸುತ್ತದೆ. ಕೆಲವು ಮಾತ್ರೆ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು.

ನಂಬಿಕೆ: ಕುಡಿತ ಬಿಡಿಸಲು ಗುಳಿಗೆ ಪುಡಿಮಾಡಿ ಚಹಾದಲ್ಲಿ, ಸಾರಿನಲ್ಲಿ ಗುಟ್ಟಾಗಿ ಹಾಕಬಹುದು.
ಸತ್ಯ: ಇದು ಬಹಳ ಅಪಾಯ. ಡೈಸಲ್ಫಿರಾಮ್ ಎಂಬ ಮಾತ್ರೆ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿಯಬಹುದು, ಸಾವೂ ಆಗಬಹುದು. ಅದರ ಪರಿಣಾಮ ನಿಲ್ಲಿಸಿದ ಎರಡು ವಾರದವರೆಗೂ ಇರಬಲ್ಲದು. ತೆಗೆದುಕೊಳ್ಳುವವರಿಗೆ ತಿಳಿದು, ಅವರು ಒಪ್ಪಿ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕು. ಅವರು ಆಲ್ಕೋಹಾಲ್ ಇರುವ ಕೆಮ್ಮಿನ ಔಷಧಿ, ಆಸವ-ಅರಿಷ್ಟಗಳನ್ನೂ ಮುಟ್ಟಬಾರದು.

ನಂಬಿಕೆ: ಇದನ್ನೆಲ್ಲ ಓದಿದ ಮೇಲೆ ನಾಳೆಯಿಂದಲೇ ಕುಡಿತ ಪೂರ್ತಿ ನಿಲ್ಲಿಸಬೇಕು.
ಸತ್ಯ: ಅಪರೂಪಕ್ಕೆ ಕುಡಿಯುವವರು ನಿಲ್ಲಿಸಬಹುದು. ಆದರೆ ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈನಡುಕ, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಭ್ರಮೆ, ಗೊಂದಲ ಬರಬಹುದು. ಇದು ಜೀವಕ್ಕೆ ಅಪಾಯ. ಇಂಥವರು ವೈದ್ಯರ ಹತ್ತಿರವೇ ಬಿಡಬೇಕು. ಬೆಂಜೊಡಯಜೆಪಿನ್ ಮತ್ತು ಬಿ1 ಜೀವಸತ್ವ ಕೊಟ್ಟು ಸುರಕ್ಷಿತವಾಗಿ ಬಿಡಿಸುವ ವಿಧಾನ ಅವರಿಗೆ ಗೊತ್ತಿದೆ.

ಮಲಗಿ ಏಳುತ್ತಾನೆ ಎಂದು ಬಿಡಬೇಡಿ

ಕುಡಿದು ಗುಳಿಗೆ ನುಂಗಿದವರು ಕರೆದರೂ ಅಲ್ಲಾಡಿಸಿದರೂ ಏಳದಿದ್ದರೆ, ಗಂಟಲಲ್ಲಿ ಗೊರಗೊರ ಸದ್ದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ ಅದು ನಿದ್ದೆಯಲ್ಲ, ತುರ್ತುಸ್ಥಿತಿ. ಹೀಗೆ ಮಾಡಿ:

• ತಕ್ಷಣ 108ಕ್ಕೆ ಕರೆ ಮಾಡಿ.

• ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಒಂಟಿಯಾಗಿ ಬಿಡಬೇಡಿ, ಕೋಣೆಯ ಬಾಗಿಲು ಮುಚ್ಚಬೇಡಿ.

• ಉಪ್ಪುನೀರು, ಮಜ್ಜಿಗೆ, ಕಾಫಿ ಏನನ್ನೂ ಬಾಯಿಗೆ ಹಾಕಬೇಡಿ. ವಾಂತಿ ಮಾಡಿಸಬೇಡಿ.

• ಗುಳಿಗೆಯ ಖಾಲಿ ಪಟ್ಟಿ, ಬಾಟಲಿ ಸಿಕ್ಕರೆ ದವಾಖಾನೆಗೆ ಒಯ್ಯಿರಿ. ವೈದ್ಯರಿಗೆ ಏನನ್ನೂ ಮುಚ್ಚಿಡಬೇಡಿ.

ಗುರುದತ್‌ಗೆ ಸಿಗದ್ದು ನಮಗೆ ಸಿಗುತ್ತದೆ

ಗುರುದತ್ ಚಿಕಿತ್ಸೆ ಮುಂದುವರಿಯಲಿಲ್ಲ ಎಂದೆವಲ್ಲ. ಅಂದು ಮನೋವೈದ್ಯರು ಬೆರಳೆಣಿಕೆಯಷ್ಟು. ಖಿನ್ನತೆಗೆ ಮಾತ್ರೆಗಳು ಬಂದು ಆಗಿನ್ನೂ ಕೆಲವೇ ವರ್ಷ. ಅವರು ಹುಟ್ಟಿದ ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿತ್ತು. ಇಂದಿನ ನಿಮ್ಹಾನ್ಸ್ ಬೆಳೆದದ್ದು ಅದರಿಂದಲೇ. ಆದರೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಮದ್ದಿದೆ ಎಂಬ ತಿಳಿವಳಿಕೆ ಮನೆಮನೆಗೆ ಇನ್ನೂ ಬಂದಿರಲಿಲ್ಲ.

ಇಂದು ಹಾಗಿಲ್ಲ. ಜಮಖಂಡಿ, ಮುಧೋಳ, ಬೀಳಗಿ ಭಾಗದವರು ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಇದೆ ಎಂದು ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ. ಮನೆಯಲ್ಲೇ ಕೂತು ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಎನಿಸುತ್ತಿದ್ದರೆ ಒಂಟಿಯಾಗಿ ಇರಬೇಡಿ, ಈಗಲೇ ಮನೆಯವರಿಗೆ ಹೇಳಿ, ಈ ಸಂಖ್ಯೆಗೆ ಫೋನ್ ಮಾಡಿ.

ವೈದ್ಯರ ಮುಂದೆ ಕುಡಿತದ ವಿಷಯ ಹೇಳಲು ನಾಚಿಕೆ ಬೇಡ. ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂದು ಸರಿಯಾಗಿ ಹೇಳಿದರೆ ಅವರು ಅದಕ್ಕೆ ತಕ್ಕ ಮಾತ್ರೆ ಬರೆಯುತ್ತಾರೆ. ಕುಡಿಯುತ್ತೇನೆ ಎಂಬ ಕಾರಣಕ್ಕೆ ದವಾಖಾನೆಗೆ ಹೋಗದೆ ಇರಬೇಡಿ, ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ. ಮನೆಯಲ್ಲಿ ಇಂಥ ಗುಳಿಗೆಗಳಿದ್ದರೆ ಮನೆಯವರೊಬ್ಬರ ಕೈಯಲ್ಲಿರಲಿ, ದಿನದ್ದು ದಿನಕ್ಕೆ ಕೊಡಲಿ.

ಕೊನೆಗೆ ಒಂದು ವಿಷಯ. ಅಕ್ಟೋಬರ್ 10 ಗುರುದತ್ ತೀರಿಕೊಂಡ ದಿನ. 1992ರಿಂದ ಅದೇ ದಿನವನ್ನು ವಿಶ್ವ ಮಾನಸಿಕ ಆರೋಗ್ಯ ದಿನವಾಗಿ ಆಚರಿಸುತ್ತಾರೆ. 14416 ಸಹಾಯವಾಣಿ ಶುರುವಾದದ್ದೂ 2022ರ ಅಕ್ಟೋಬರ್ 10ರಂದೇ. ಇದು ಕಾಕತಾಳೀಯ. ಆದರೆ ನೆನಪಿಡಲು ಸುಲಭ.

ನೆನಪಿಡಿ: ಮನಸ್ಸಿನ ಕಾಯಿಲೆಯ ಮಾತ್ರೆಯೂ ಮದ್ಯವೂ ಒಟ್ಟಿಗೆ ಬೇಡ. ಅಂತರ ಬಿಟ್ಟು ಕುಡಿದರೂ ಅಪಾಯ ತಪ್ಪುವುದಿಲ್ಲ. ಮಾತ್ರೆ ಬಿಡಬೇಡಿ, ವೈದ್ಯರಿಗೆ ನಿಜ ಹೇಳಿ. ಎರಡು ತಾಸಿನ ಅಂತರದ ಮೆಸೇಜು ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಇದನ್ನು ಹಾಕಿ.